ಟಾರ್ಪಾಲಿನ ಕೆಳಗಿನ ಮೇಕೆ

"ಇದನ್ನ ಮಾರೋ ದಿನ ಅಂತ ಬಂದ್ರೆ ಮೊದಲು ನಿನಗೇ ಕಣೋ ಕೋಸು. ಇವತ್ತು ನಾನು ಕೊಟ್ಟ ಬೆಲೆಗೇ. ಒಂದು ಡಾಲರ್ ಜಾಸ್ತಿ ಕೇಳಿದ್ರೆ ನನ್ನ ನಾಲಿಗೆ ಬಿದ್ದುಹೋಗ್ಲಿ."

ಹೊಬಾರ್ಟ್ ಸ್ಲೋನ್ ಈ ಮಾತು ಕೊಟ್ಟದ್ದು ೧೯೭೬ರ ಮಾರ್ಚ್ ತಿಂಗಳಲ್ಲಿ, ಮಿಷಿಗನ್‌ನ ಪಾಂಟಿಯಾಕ್ ಊರಿನಲ್ಲಿ, ಹಿಮ ಅರ್ಧ ಕರಗಿ ಕೆಸರಾಗಿದ್ದ ಒಂದು ಅಂಗಳದಲ್ಲಿ. ಅಂಗಳ ವೆಂಡೆಲ್ ಪ್ರೋಕಪ್‌ನದು. ಕಾರೂ ಅಲ್ಲಿಯವರೆಗೆ ಅವನದೇ. ಅರವತ್ತೆಂಟರ, ಊರಿನದೇ ಹೆಸರಿನ ಪಾಂಟಿಯಾಕ್ ಜಿಟಿಓ, ಕಡು ಹಸಿರು. ಜಿಟಿಓ ಎಂಬ ಮೂರಕ್ಷರವನ್ನು ಆ ಕಾಲದ ಹುಡುಗರು ಗೋಟ್ ಎಂದು ಓದಿ, ಮೇಕೆ ಎಂದು ಅಡ್ಡಹೆಸರಿಟ್ಟಿದ್ದರು. ಹಾಯುವುದರಲ್ಲಿ ಅದು ನಿಜಕ್ಕೂ ಹೋತವೇ.

ಇಬ್ಬರೂ ಆ ಕಾರು ಕಟ್ಟುವ ಒಂದೇ ಕಾರ್ಖಾನೆಯವರು. ಕೆಂಟಕಿಯ ಗುಡ್ಡಗಳಿಂದ ಬಂದ ಹೊಬಾರ್ಟ್‌ನನ್ನು ವೆಂಡೆಲ್ ಗುಡ್ಡದವನೆನ್ನುತ್ತಿದ್ದ. ಬುತ್ತಿಯಲ್ಲಿ ದಿನವೂ ಎಲೆಕೋಸು ತರುತ್ತಿದ್ದ ವೆಂಡೆಲ್‌ನನ್ನು ಹೊಬಾರ್ಟ್ ಕೋಸು ಎನ್ನುತ್ತಿದ್ದ. ಕಾರ್ಖಾನೆಯಲ್ಲಿ ಕೆಲಸ ಇಳಿದಾಗ ಕೊನೆಗೆ ಸೇರಿದವರನ್ನು ಮೊದಲು ಮನೆಗೆ ಕಳಿಸುವುದು ವಾಡಿಕೆ. ವೆಂಡೆಲ್ ಮನೆಯಲ್ಲಿ ಕೂತು ಏಳು ತಿಂಗಳಾಗಿತ್ತು, ಮೂರನೆಯ ಮಗು ಹುಟ್ಟಿ ಹದಿನೈದು ದಿನ. ಆರು ವರ್ಷ ಹಳಬನಾದ ಹೊಬಾರ್ಟ್‌ಗೆ ಕೆಲಸವಿತ್ತು. ಅವನು ಹತ್ತೊಂಬತ್ತು ನೂರು ಡಾಲರ್ ಕೊಟ್ಟು ಮೇಕೆಯನ್ನು ಹೊಡೆದುಕೊಂಡು ಹೋದ. ವೆಂಡೆಲ್ ಬಾಗಿಲಲ್ಲಿ ನಿಂತು ನೋಡಲಿಲ್ಲ, ಒಳಗೆ ಕೂತು ಕೇಳಿದ. ತಿರುವಿನಲ್ಲಿ ಹೊಬಾರ್ಟ್ ಗೇರು ತಡವಾಗಿ ಬದಲಾಯಿಸಿದ್ದು ಕೇಳಿಸಿತು.

ಅದಾಗಿ ನಲವತ್ತಮೂರು ವರ್ಷ. ಈಗ ವೆಂಡೆಲ್‌ಗೆ ಅರವತ್ತೊಂಬತ್ತು. ಕಾರ್ಖಾನೆಯಿದ್ದ ಜಾಗದಲ್ಲಿ ಹುಲ್ಲು ಬೆಳೆದಿದೆ, ಆ ಹೆಸರಿನ ಕಾರನ್ನು ಮಾಡುವುದನ್ನೂ ನಿಲ್ಲಿಸಿಯಾಗಿದೆ. ಮಕ್ಕಳು ಮೂವರೂ ಅವರವರ ಪಾಡಿಗೆ ಅವರಿದ್ದಾರೆ. ಎರಡು ವರ್ಷದ ಹಿಂದೆ ವೆಂಡೆಲ್‌ನ ಕಣ್ಣಿನ ನಟ್ಟನಡುವೆ ಒಂದು ಕಲೆ ಕೂತಿತು. ನೇರ ನೋಡಿದ್ದು ಮಾಸುತ್ತದೆ, ಓರೆಯಲ್ಲಿದ್ದದ್ದು ಕಾಣುತ್ತದೆ. ಹೆಂಡತಿಯ ಮುಖ ನೋಡಬೇಕಾದರೆ ಅವಳ ಕಿವಿಯನ್ನು ನೋಡಬೇಕು. ಮೊದಲು ಎಡಗಣ್ಣು, ಆಮೇಲೆ ಬಲಗಣ್ಣೂ ಶುರುವಾಯಿತು.

"ಈ ಬೇಸಿಗೆ ಹಗಲಲ್ಲಿ, ಹತ್ತಿರಕ್ಕೆ, ನಿಧಾನವಾಗಿ ಓಡಿಸ್ಕೊಳಿ," ಎಂದಿದ್ದಳು ಕಣ್ಣಿನ ಡಾಕ್ಟರು. "ಅದಾದ ಮೇಲೆ ಬೀಗದ ಕೈ ನಿಮ್ಮ ಹೆಂಡತಿ ಕೈಗೆ ಕೊಟ್ಟುಬಿಡಿ."

ಅವಳು ಹೇಳದಿದ್ದರೂ ಸೆಪ್ಟೆಂಬರ್ ಹನ್ನೊಂದು ಹೇಳುತ್ತಿತ್ತು. ಅವತ್ತು ಅವನಿಗೆ ಎಪ್ಪತ್ತು ತುಂಬುತ್ತದೆ, ಲೈಸೆನ್ಸಿನ ಅವಧಿ ಮುಗಿಯುತ್ತದೆ. ಹೊಸದು ಬೇಕಾದರೆ ಕಚೇರಿಯ ಕಪ್ಪು ಪೆಟ್ಟಿಗೆಯಲ್ಲಿ ಇಣುಕಿ ಒಂದು ಸಾಲು ಅಕ್ಷರ ಓದಬೇಕು. ಆ ಸಾಲಿನಲ್ಲಿ ತನಗೆ ಎರಡು ಬದಿಯ ಅಕ್ಷರ ಬಿಟ್ಟು ಬೇರೇನೂ ಕಾಣುವುದಿಲ್ಲವೆಂದು ವೆಂಡೆಲ್‌ಗೆ ಗೊತ್ತಿತ್ತು.

ಅವನಿಗೆ ಬೇಕಿದ್ದದ್ದು ಒಂದೇ ದಿನ. ಪ್ರತಿವರ್ಷ ಆಗಸ್ಟ್ ತಿಂಗಳ ಮೂರನೆಯ ಶನಿವಾರ ವುಡ್‌ವರ್ಡ್ ರಸ್ತೆಯಲ್ಲಿ ಹಳೆಯ ಕಾರುಗಳು ಸಾಲುಗಟ್ಟಿ ಹೋಗುತ್ತವೆ, ಬೆಳಗಿನಿಂದ ಸಂಜೆಯವರೆಗೆ, ಮನುಷ್ಯ ನಡೆಯುವ ವೇಗದಲ್ಲಿ. ಉಳಿದವರೆಲ್ಲ ಬದಿಯಲ್ಲಿ ಮಡಚುವ ಕುರ್ಚಿ ಹಾಕಿಕೊಂಡು, ಐಸ್ ಪೆಟ್ಟಿಗೆಯಲ್ಲಿ ಬಿಯರ್ ಇಟ್ಟುಕೊಂಡು ನೋಡುತ್ತಾರೆ. ವೆಂಡೆಲ್ ಇಪ್ಪತ್ತನಾಲ್ಕು ವರ್ಷ ಕುರ್ಚಿಯಲ್ಲೇ ಕೂತಿದ್ದ. ಕಣ್ಣು ಹೋಗುವ ಮೊದಲು ಒಂದು ಶನಿವಾರ ಅವನು ಕುರ್ಚಿಯಲ್ಲಲ್ಲ, ರಸ್ತೆಯಲ್ಲಿರಬೇಕಿತ್ತು. ಪಕ್ಕದಲ್ಲಿ ಹೆಂಡತಿ ಲೊರೆಟಾ ಇರಬೇಕಿತ್ತು. ಅಷ್ಟೇ.

ಹೊಬಾರ್ಟ್‌ನ ಕೊಟ್ಟಿಗೆಯಲ್ಲಿದ್ದ ಮೇಕೆಯ ಆಸೆಯನ್ನು ಅವನು ಬಿಟ್ಟು ಬಹಳ ಕಾಲವಾಗಿತ್ತು. ಹೊಬಾರ್ಟ್ ಅದನ್ನು ನಾಲ್ಕು ವರ್ಷ ಓಡಿಸಿ, ಎಂಬತ್ತರಲ್ಲಿ ಕ್ಲಚ್ ಸವೆದಾಗ, ಲಪೀರ್ ಕಡೆಗಿದ್ದ ತನ್ನ ಜಮೀನಿನ ಕೊಟ್ಟಿಗೆಗೆ ತಳ್ಳಿಸಿದ್ದ. "ಮುಂದಿನ ಬೇಸಿಗೆಗೆ ರಿಪೇರಿ ಮಾಡ್ತೀನಿ." ಆ ಕಡೆಯ ಪ್ರತಿ ಮೂರನೆಯ ಕೊಟ್ಟಿಗೆಯಲ್ಲೂ ಮುಂದಿನ ಬೇಸಿಗೆಗೆ ಕಾಯುತ್ತಿರುವ ಒಂದು ಕಾರಿರುತ್ತದೆ. ಮಾರುವುದಿಲ್ಲ, ಓಡಿಸುವುದಿಲ್ಲ, ಕೇಳಿದವರಿಗೆ ಸಿಟ್ಟಾಗುತ್ತಾರೆ. ಎಂಬತ್ತೊಂದರಲ್ಲಿ ನೋಡಲು ಹೋಗಿದ್ದ ವೆಂಡೆಲ್‌ಗೆ ಮೇಲ್ಛಾವಣಿಯ ಸಂದಿನಿಂದ ಕಾರಿನ ಮೇಲೆ ಬೆಳಕು ಬೀಳುವುದು ಕಂಡಿತ್ತು. ಬೆಳಕು ಬೀಳುವಲ್ಲಿ ಮಳೆಯೂ ಬೀಳುತ್ತದೆ. ಮರುವಾರವೇ ಅವನು ರೈಲ್ವೆ ಬೋಗಿಗೆ ಹೊದಿಸುವ ಮೇಣ ಹಚ್ಚಿದ ದಪ್ಪ ಟಾರ್ಪಾಲನ್ನು ಕೊಂಡು ಒಯ್ದು, ತಾನೇ ಹೊದಿಸಿ, ನೆಲದವರೆಗೆ ಇಳಿಬಿಟ್ಟು ನಾಲ್ಕೂ ಮೂಲೆಗೆ ಗೂಟ ಹೊಡೆದು ಕಟ್ಟಿದ್ದ.

"ಇದನ್ನ ಬಿಚ್ಚಬೇಡ, ಗುಡ್ಡದವನೇ. ಧೂಳು, ಇಲಿ, ಮಳೆ ಏನೂ ಹೋಗಬಾರದು ಒಳಗೆ."

"ನನ್ನ ಹೆಂಡ್ತಿನೂ ಇಷ್ಟು ಜೋಪಾನವಾಗಿ ಹೊದ್ಕೊಳಲ್ಲ ಕಣೋ," ಎಂದು ಹೊಬಾರ್ಟ್ ನಕ್ಕಿದ್ದ. "ಆಯ್ತು ಮಾರಾಯ, ಬಿಚ್ಚಲ್ಲ."

ಮೊದಮೊದಲು ವೆಂಡೆಲ್ ವರ್ಷಕ್ಕೊಮ್ಮೆ ಹೋಗಿ ಟಾರ್ಪಾಲಿನ ಮೇಲೆ ಕೈಯಿಟ್ಟು ಬರುತ್ತಿದ್ದ. ಆಮೇಲೆ ಕ್ರಿಸ್‌ಮಸ್‌ಗೆ ಒಂದು ಫೋನು. "ಮಾರ್ತೀಯೇನೋ?" "ಮುಂದಿನ ಬೇಸಿಗೆಗೆ ರಿಪೇರಿ ಮಾಡ್ತೀನಿ." ಫೋನು ಇಟ್ಟುಬಿಡುತ್ತಿದ್ದರು.

ಹೀಗಾಗಿ ಅವನು ಬೇರೆ ಮೇಕೆ ಹುಡುಕಲು ಹೊರಟ. ಎರಡು ವರ್ಷ ಹುಡುಕಿದ. ಜಾಹೀರಾತು ಓದುವ ಕೆಲಸ ಲೊರೆಟಾಳದು. ಅಡುಗೆಮನೆಯ ಮೇಜಿನ ಮೇಲೆ ಕಂಪ್ಯೂಟರ್ ಇಟ್ಟುಕೊಂಡು, ಕನ್ನಡಕ ಮೂಗಿನ ತುದಿಗಿಳಿಸಿ ಓದುತ್ತಿದ್ದಳು.

"'ಒಂದೇ ಒಂದು ಚುಕ್ಕಿ ತುಕ್ಕಿಲ್ಲ' ಅಂತೆ. ಹಿಮ ಕರಗಿಸೋಕೆ ರಸ್ತೆಗೆ ಉಪ್ಪು ಸುರಿಯೋ ಈ ಮಿಷಿಗನ್‌ನಲ್ಲಿ ತುಕ್ಕು ಹಿಡೀದ ಗಂಡಸೇ ಇಲ್ಲ, ಕಾರು ಎಲ್ಲಿಂದ ಬರುತ್ತೆ?"

"ಮುಂದೆ ಓದು."

"'ಮುದುಕಿಯೊಬ್ಬಳು ಭಾನುವಾರ ಚರ್ಚಿಗೆ ಮಾತ್ರ ಓಡಿಸುತ್ತಿದ್ದಳು.' ಮುನ್ನೂರೈವತ್ತು ಕುದುರೆ ಬಲದ ಗಾಡೀಲಿ ಚರ್ಚಿಗೆ! ದೇವರೇ ಹೆದರಿ ಓಡಿಹೋಗಿರಬೇಕು."

"ಮುಂದೆ ಓದೇ ಮಾರಾಯ್ತಿ."

ಭಾನುವಾರಗಳಲ್ಲಿ ನೋಡಲು ಹೋಗುತ್ತಿದ್ದರು. ಲೊರೆಟಾ ಓಡಿಸುತ್ತಿದ್ದಳು. ವೆಂಡೆಲ್‌ನ ಜೇಬಿನಲ್ಲಿ ಕಾಲುಚೀಲಕ್ಕೆ ಹಾಕಿದ ಒಂದು ಅಯಸ್ಕಾಂತ. ಚಕ್ರದ ಮೇಲಿನ ಕಮಾನಿಗೂ ಬಾಗಿಲ ಕೆಳಗಿನ ಅಂಚಿಗೂ ಅದನ್ನು ಹಿಡಿದು ಸವರಿಕೊಂಡು ಹೋಗಬೇಕು. ತಗಡಿದ್ದಲ್ಲಿ ಅಂಟುತ್ತದೆ, ತುಕ್ಕು ತಿಂದ ತೂತಿಗೆ ಪುಟ್ಟಿ ತುಂಬಿ ಮೇಲೆ ಬಣ್ಣ ಬಳಿದಿದ್ದರೆ ಸತ್ತ ಹಾಗೆ ಜಾರುತ್ತದೆ. ಅವನ ಕಣ್ಣಿಗೆ ಕಾಣದ್ದನ್ನು ಅಯಸ್ಕಾಂತ ಕಾಣುತ್ತಿತ್ತು. ಫ್ಲಿಂಟ್ ಊರಿನ ಒಬ್ಬನ ಕಾರಿನಲ್ಲಿ ಮುಂದಿನ ಚಕ್ರದಿಂದ ಹಿಂದಿನ ಚಕ್ರದವರೆಗೆ ಎಲ್ಲೂ ಅಂಟಲಿಲ್ಲ.

"ಪುಟ್ಟಿ ಮಾರ್ತಿದ್ದೀಯೋ ಕಾರು ಮಾರ್ತಿದ್ದೀಯೋ?" ಎಂದು ಲೊರೆಟಾ ಕೇಳಿದಳು.

ಇನ್ನೊಬ್ಬನದು ಎಲ್ಲ ಸರಿಯಿತ್ತು. ಆದರೆ ಮುಂದಿನ ಗಾಜಿನ ಮೂಲೆಯ ತಗಡಿನ ಮೇಲೆ ಕೊರೆದ ಸಂಖ್ಯೆ ಎರಡು-ನಾಲ್ಕು-ಎರಡರಿಂದ ಶುರುವಾಗಬೇಕಿತ್ತು, ಎರಡು-ಮೂರು-ಏಳರಿಂದ ಶುರುವಾಗಿತ್ತು. ಅಗ್ಗದ ಕಾರಿಗೆ ಮೇಕೆಯ ಕೊಂಬು ಕಟ್ಟಿದ್ದ. ಹೇಳಿದರೆ, "ರಸ್ತೇಲಿ ಹೋಗೋವಾಗ ಯಾರಿಗೆ ಗೊತ್ತಾಗುತ್ತೆ ತಾತ?" ಎಂದ. ವೆಂಡೆಲ್ ಅಯಸ್ಕಾಂತವನ್ನು ಜೇಬಿಗೆ ಹಾಕಿಕೊಂಡ. ಕೈಯಾರೆ ಕಟ್ಟಿದವನಿಗೆ ಗೊತ್ತಾಗುತ್ತದೆ ಎನ್ನುವುದು ಆ ಹುಡುಗನಿಗೆ ಅರ್ಥವಾಗುವಂಥದ್ದಲ್ಲ.

ಕೊನೆಗೆ ಈ ಆಗಸ್ಟಿನ ಮೊದಲ ಭಾನುವಾರ, ಶನಿವಾರದ ಮೆರವಣಿಗೆಗೆ ಹದಿಮೂರು ದಿನ ಇರುವಾಗ, ಓಹಾಯೋದ ಟೊಲೀಡೊದಲ್ಲಿ ಮರ್ವ್ ಕೆಸ್ಲರ್ ಎಂಬವನ ಮನೆಯಲ್ಲಿ ಒಂದು ಸಿಕ್ಕಿತು. ಮರ್ವ್ ಮೂವತ್ತು ವರ್ಷ ಶಾಲೆಯ ಬಸ್ಸು ಓಡಿಸಿ ನಿವೃತ್ತನಾದವನು. ಕಾರು ದ್ರಾಕ್ಷಿ ಬಣ್ಣದ್ದು. ಅಯಸ್ಕಾಂತ ಎಲ್ಲ ಕಡೆ ಟಪ್ ಟಪ್ ಎಂದು ಅಂಟಿತು. ಸಂಖ್ಯೆ ಸರಿ, ಎಂಜಿನ್ನಿನ ಮೇಲಿನ ಗುರುತೂ ಸರಿ. ಸೀಟಿನ ಹೊಲಿಗೆ ಮಾತ್ರ ಎರಡು ಕಡೆ ಬಿಟ್ಟಿತ್ತು. ಮರ್ವ್ ಬೀಗದ ಕೈ ಕೊಟ್ಟ. ವೆಂಡೆಲ್ ತನ್ನ ಕಣ್ಣಿನ ವಿಷಯ ಹೇಳಿ, ಮನೆಯ ಹಿಂದಿನ ಖಾಲಿ ಮೈದಾನದಲ್ಲಿ ಮಾತ್ರ ಒಂದು ಸುತ್ತು ಹಾಕಿದ. ಎರಡನೆಯ ಗೇರಿನಿಂದ ಮೂರನೆಯದಕ್ಕೆ ಹೋಗುವಾಗ ಅಂಗೈಗೆ ಬಂದ ಕಂಪನ ಅದೇ, ಹತ್ತೊಂಬತ್ತರ ವಯಸ್ಸಿನದೇ. ಇಳಿದವನು ಬಾನೆಟ್ಟಿನ ಮೇಲೆ ಕೈಯಿಟ್ಟುಕೊಂಡು ನಿಂತ.

"ಕೇಳಿದಷ್ಟು ಕೊಡೋಣ," ಎಂದಳು ಲೊರೆಟಾ. ಉತ್ತರದ ಕೆರೆಯ ಬಳಿಯಿದ್ದ ತುಂಡು ನಿವೇಶನ ಮಾರಿದ ಹಣ ಅದಕ್ಕಾಗಿಯೇ ಇತ್ತು.

"ಇಂಡಿಯಾನಾದವನೊಬ್ಬ ದಿನಾ ಫೋನ್ ಮಾಡ್ತಿದ್ದಾನೆ," ಎಂದ ಮರ್ವ್. "ಆದ್ರೆ ನಿನ್ನ ಕೈ ಕುಲುಕಿದ್ದೀನಲ್ಲ. ಶುಕ್ರವಾರ ಮಧ್ಯಾಹ್ನದವರೆಗೆ ಬೇರೆಯವರಿಗೆ ಇಲ್ಲ ಅಂತೀನಿ. ಅಷ್ಟರೊಳಗೆ ಬ್ಯಾಂಕಿನ ಚೆಕ್ಕು ತಗೊಂಡು ಬಾ."

ಕಾಗದವಿಲ್ಲ, ಮುಂಗಡವಿಲ್ಲ. ಕೈ ಕುಲುಕಿದರೆ ಮುಗಿಯಿತು.

ಗುರುವಾರ ಸಂಜೆ ಫೋನು ಬಂತು. ಹೊಬಾರ್ಟ್‌ನ ಮಗಳು ಟ್ವೈಲಾ.

"ವೆಂಡೆಲ್ ಅಂಕಲ್, ಅಪ್ಪನಿಗೆ ಉಸಿರು ಸಾಲ್ತಿಲ್ಲ. ಮುಂದಿನ ವಾರ ವೃದ್ಧಾಶ್ರಮಕ್ಕೆ ಸೇರಿಸ್ತಿದ್ದೀವಿ, ಜಮೀನು ಮಾರ್ತಿದ್ದೀವಿ. ಅಪ್ಪ ಒಂದೇ ಹಟ ಹಿಡಿದಿದ್ದಾನೆ. ಬೇರೆ ಏನಾದ್ರೂ ಮಾಡಿಕೊಳ್ಳಿ, ಮೇಕೆ ಮಾತ್ರ ಕೋಸಿಗೆ ಮೊದಲು ಹೇಳಬೇಕು ಅಂತ."

ವೆಂಡೆಲ್ ಕುರ್ಚಿ ಎಳೆದುಕೊಂಡು ಕೂತ. "ಟಾರ್ಪಾಲು ಇದೆಯೇನಮ್ಮ ಇನ್ನೂ?"

"ಇದೆ ಅಂಕಲ್. ನೀವು ಕಟ್ಟಿದ ಹಾಗೇ ಇದೆ. ಅಪ್ಪ ಯಾರಿಗೂ ಮುಟ್ಟೋಕೆ ಬಿಟ್ಟಿಲ್ಲ."

ಶನಿವಾರ ಬೆಳಗ್ಗೆ ಬರುತ್ತೇನೆಂದು ಹೇಳಿ ಫೋನು ಇಟ್ಟ. ಲೊರೆಟಾ ಸಾರಿನ ಸೌಟು ಹಿಡಿದು ನಿಂತಿದ್ದಳು.

"ನಾಳೆ ಮಧ್ಯಾಹ್ನ ಮರ್ವ್‌ನ ಗಡುವು," ಎಂದಳು. "ಮೊದಲು ಅದನ್ನ ತಗೋ. ಹೋಬ್‌ನ ಕಾರು ಶನಿವಾರ ನೋಡೋಣ."

"ಎರಡಕ್ಕೂ ದುಡ್ಡೆಲ್ಲಿ? ರಿಪೇರಿಗೆ ಬೇಕಲ್ಲ."

"ಹಾಗಾದ್ರೆ ನಾಳೇನೇ ಹೋಗಿ ಅದನ್ನ ನೋಡು."

"ನಾಳೆ ಹೋಬ್‌ನ ಆಸ್ಪತ್ರೆಗೆ ಕರ್ಕೊಂಡು ಹೋಗ್ತಾರಂತೆ. ಅವನಿಲ್ಲದಾಗ ಹೋಗಿ ಟಾರ್ಪಾಲು ಎತ್ತಿ ನೋಡಲಾ? ಕಳ್ಳನ ಥರ?"

"ಮತ್ತೆ ಮರ್ವ್‌ಗೆ ಇನ್ನೊಂದಿನ ಕೇಳು."

"ಮನಸ್ಸು ಬೇರೆ ಕಡೆ ಹೋದ ಮೇಲೆ ಇನ್ನೊಬ್ಬನ ಗಾಡೀನ ಹಿಡಿದಿಟ್ಕೊಳೋದು ಸರಿಯಲ್ಲ ಲೊರೆಟಾ. ಆ ಇಂಡಿಯಾನಾದವನು ಕಾಯ್ತಿದ್ದಾನೆ."

"ನಿನ್ನ ಸರಿತನಕ್ಕೆ ಬೆಂಕಿ ಬೀಳ್ಲಿ," ಎಂದು ಅವಳು ಸಾರು ತಿರುವಲು ಹೋದಳು.

ಅವಳಿಗೆ ಗೊತ್ತಿತ್ತು, ಇದು ಸರಿತನ ಮಾತ್ರವಲ್ಲವೆಂದು. ಆ ಹಸಿರು ಕಾರು ಅಂಗಡಿಯಲ್ಲಿ ಕೊಂಡದ್ದಲ್ಲ. ಹತ್ತೊಂಬತ್ತು ವರ್ಷದ ವೆಂಡೆಲ್ ಅದನ್ನು ಹೇಳಿ ಕಟ್ಟಿಸಿದ್ದ, ತಾನು ದುಡಿಯುತ್ತಿದ್ದ, ಕಾರು ಜೋಡಿಸುವ ಸಾಲಿನಲ್ಲೇ. ನಮ್ಮವನೊಬ್ಬನ ಕಾರು ಸಾಲಿನಲ್ಲಿ ಬರುತ್ತಿದೆಯೆಂದರೆ ಅದರ ಸರದಿಯ ಸಂಖ್ಯೆ ಬಾಯಿಂದ ಬಾಯಿಗೆ ಮುಂದೆ ಓಡುತ್ತಿತ್ತು. ಉಳಿದ ಕಾರಿಗೆ ಒಂದು ಸುತ್ತು ಬಿಗಿಯುವವರು ಅದಕ್ಕೆ ಎರಡು ಸುತ್ತು ಬಿಗಿಯುತ್ತಿದ್ದರು. ಬಣ್ಣದ ಕೋಣೆಯವರು ಇನ್ನೊಂದು ಕೈ ಹೊಡೆಯುತ್ತಿದ್ದರು. ಡಿಕ್ಕಿಗೆ ಚಾಪೆ ಹಾಸುವ ಮೊದಲು ನೆಲದ ತಗಡಿನ ಮೇಲೆ ಹಳದಿ ಮೇಣದ ಕಡ್ಡಿಯಿಂದ ಹೆಸರು ಬರೆಯುತ್ತಿದ್ದರು. ವೆಂಡೆಲ್‌ನ ಕಾರಿನಲ್ಲಿ ಹನ್ನೊಂದು ಹೆಸರಿದ್ದವು. ಹಿಂಬದಿಯ ಗಾಜು ಕೂರಿಸಿದವನು ಅವನೇ. ಆ ಹನ್ನೊಂದು ಜನರಲ್ಲಿ ಈಗ ಬದುಕಿರುವವರು ಅವನು ಮತ್ತು ಹೊಬಾರ್ಟ್. ಅದರ ಮುಂದೆ ದ್ರಾಕ್ಷಿ ಬಣ್ಣದ್ದು ಯಾರೋ ಅಪರಿಚಿತರ ಮನೆಯ ಒಳ್ಳೆಯ ಮಗು, ಅಷ್ಟೇ.

ಶುಕ್ರವಾರ ಬೆಳಗ್ಗೆ ಹತ್ತಕ್ಕೆ ಅವನು ಮರ್ವ್‌ಗೆ ಫೋನು ಮಾಡಿ ಕ್ಷಮೆ ಕೇಳಿ, ಕಾರು ಬಿಟ್ಟುಕೊಟ್ಟ.

"ಬೇಜಾರಿಲ್ಲ," ಎಂದ ಮರ್ವ್. "ತನ್ನದೇ ಸಿಗೋವಾಗ ಯಾರು ಬಿಡ್ತಾರೆ. ಅದೃಷ್ಟವಂತ ನೀನು."

ಆ ದಿನವೆಲ್ಲ ವೆಂಡೆಲ್ ಇಪ್ಪತ್ತು ವರ್ಷ ಚಿಕ್ಕವನಾದ. ಹೊಸ ಬ್ಯಾಟರಿ, ನಾಲ್ಕು ಟೈರು, ಪೆಟ್ರೋಲು ಟ್ಯಾಂಕು, ಕ್ಲಚ್ ತಟ್ಟೆ ಎಂದು ಫೋನಿನಲ್ಲೇ ಹೇಳಿಟ್ಟ. ತಂಗಿಯ ಮಗನಿಗೆ ಕೆಟ್ಟು ನಿಂತ ಗಾಡಿ ಎಳೆಯುವ ಲಾರಿ ತರಲು ಹೇಳಿದ. "ಆರು ದಿನ ಸಾಕು. ನಾವು ಗಂಟೆಗೆ ಅರವತ್ತು ಕಾರು ಕಟ್ಟಿದವರು. ಒಂದನ್ನ ಎಬ್ಬಿಸೋಕಾಗಲ್ವಾ?" ಎಂದು ಲೊರೆಟಾಳ ಹಿಂದೆಯೇ ಕೋಣೆಯಿಂದ ಕೋಣೆಗೆ ಹೇಳಿಕೊಂಡು ತಿರುಗಿದ. ಅವಳು ಹೂಂ ಎಂದಳು. ಸಂಜೆ ಬೀರುವಿನಿಂದ ತಲೆಗೆ ಕಟ್ಟುವ ಹಳೆಯ ರೇಷ್ಮೆ ಚೌಕ ತೆಗೆದು ಇಸ್ತ್ರಿ ಮಾಡಿದಳು.

ಶನಿವಾರ ಒಂಬತ್ತಕ್ಕೆ ಲಪೀರ್ ಸೇರಿದರು. ಹೊಬಾರ್ಟ್ ಜಗಲಿಯಲ್ಲಿ ಗಾಲಿಕುರ್ಚಿಯಲ್ಲಿದ್ದ, ಮೂಗಿಗೆ ಆಮ್ಲಜನಕದ ನಳಿಕೆ. ಆನೆಯಂಥ ಮನುಷ್ಯ ಅಂಗಿಯೊಳಗೆ ಕಡ್ಡಿಯಾಗಿದ್ದ. ವೆಂಡೆಲ್ ಅವನ ಕಿವಿಯನ್ನು ನೋಡಿದ. ಮುಖ ಕಂಡಿತು.

"ಬಂದೆಯಾ ಕೋಸು? ಯಾಕೋ ಪಕ್ಕಕ್ಕೆ ನೋಡ್ತೀಯ, ಸಾಲ ಕೊಡಬೇಕಾದವನ ಥರ?"

"ನಿನ್ನ ಮೂತಿ ನೇರ ನೋಡೋ ಧೈರ್ಯ ಇಲ್ಲ ಕಣೋ, ಗುಡ್ಡದವನೇ."

ಹೊಬಾರ್ಟ್ ನಗಲು ಹೋಗಿ ಕೆಮ್ಮಿದ. ಕೆಮ್ಮು ನಿಲ್ಲಲು ಬಹಳ ಹೊತ್ತಾಯಿತು. "ಕೊಟ್ಟಿಗೆಗೆ ನಾನು ಬರಕ್ಕಾಗಲ್ಲ. ಈ ಕುರ್ಚಿ ಹುಲ್ಲಿನ ಮೇಲೆ ಉರುಳಲ್ಲ. ನೀನು ನೋಡ್ಕೊಂಡು ಬಾ. ಒಂದು ಹನಿ ಬಿದ್ದಿಲ್ಲ ಅದರ ಮೇಲೆ. ಒಂದಿನಾನೂ ಬಿಚ್ಚಿಲ್ಲ. ನೀನು ಹೇಳಿದ್ದಲ್ವಾ?"

ಟ್ವೈಲಾ ಕೊಟ್ಟಿಗೆಯ ಬಾಗಿಲು ತಳ್ಳಿದಳು. ಒಳಗೆ ತಣ್ಣಗೆ ಮಣ್ಣಿನ ವಾಸನೆ, ಬಾವಿಯೊಳಗಿನ ವಾಸನೆ. ನೆಲಕ್ಕೆ ಕಾಂಕ್ರೀಟ್ ಇರಲಿಲ್ಲ. ಯಾವಾಗಲೂ ಇರಲಿಲ್ಲ, ಎಂಬತ್ತೊಂದರಲ್ಲಿ ಅವನು ಗೂಟ ಹೊಡೆದದ್ದು ಈ ಮಣ್ಣಿಗೇ. ಟಾರ್ಪಾಲು ನಡುವೆ ಎತ್ತರವಾಗಿ, ಎರಡೂ ಕಡೆ ಇಳಿದು ಕೂತಿತ್ತು. ವೆಂಡೆಲ್‌ಗೆ ಅದು ನೆನಪಿಗಿಂತ ಗಿಡ್ಡವೆನಿಸಿತು. ಕಣ್ಣಿನ ದೋಷವೆಂದುಕೊಂಡ.

ಹಗ್ಗಗಳು ಕೈಯಿಟ್ಟರೆ ಪುಡಿಯಾದವು. ಅವನೂ ಟ್ವೈಲಾಳೂ ಒಂದೊಂದು ಮೂಲೆ ಹಿಡಿದು ಎತ್ತಿದರು. ಬಟ್ಟೆ ಬರಲಿಲ್ಲ, ಕಾರಿನ ಚಾವಣಿಗೆ ಅಂಟಿಕೊಂಡಿತ್ತು. ಇನ್ನೂ ಜೋರಾಗಿ ಎಳೆದಾಗ ಸರ್ರನೆ ಬಂತು, ಸುಟ್ಟ ಗಾಯದ ಪಟ್ಟಿ ಕಿತ್ತ ಹಾಗೆ. ಹಸಿರು ಬಣ್ಣ ಬಟ್ಟೆಯ ಜೊತೆಗೇ ಬಂತು. ಕೆಳಗೆ ಕಂದು ತಗಡು, ಬೂಷ್ಟು, ಬೆವರಿದ ಗಾಜು.

"ಅಯ್ಯೋ," ಎಂದಳು ಲೊರೆಟಾ.

ವೆಂಡೆಲ್ ಬಗ್ಗಿ ಬಾಗಿಲ ಅಂಚಿಗೆ ಕೈ ಹಾಕಿದ. ಅಂಚಿರಲಿಲ್ಲ. ಹೆಬ್ಬೆರಳು ಒದ್ದೆ ಬಿಸ್ಕತ್ತಿನೊಳಗೆ ಹೋದಂತೆ ಹೋಯಿತು. ಮಂಡಿಯೂರಿ ಕೆಳಗೆ ತಡವಿದ. ಚಕ್ರಗಳು ಅರ್ಧಕ್ಕೆ ಮಣ್ಣಿನಲ್ಲಿ ಹೂತಿದ್ದವು. ಕಾರಿನ ಬೆನ್ನೆಲುಬಾದ ಉಕ್ಕಿನ ಚೌಕಟ್ಟು ಬಾಗಿಲ ಹಿಂದೆ ಮುರಿದು, ಹೊಟ್ಟೆ ನೆಲಕ್ಕೆ ತಾಗಿತ್ತು. ಅಯಸ್ಕಾಂತವನ್ನು ಜೇಬಿನಿಂದ ತೆಗೆದು ಹಿಡಿದ. ಪದರ ಪದರವಾದ ತುಕ್ಕು ಕಿತ್ತು ಅದರ ಜೊತೆಗೇ ಬಂತು. ಡಿಕ್ಕಿಯ ಮುಚ್ಚಳ ಎತ್ತಿದ. ಚಾಪೆ ಕೊಳೆತು ಹುಲ್ಲಿನಂತಾಗಿತ್ತು, ಸರಿಸಿದರೆ ಕೆಳಗೆ ನೆಲ. ಕಾರಿನ ನೆಲವಲ್ಲ, ಕೊಟ್ಟಿಗೆಯ ನೆಲ. ಬಿಳಿಯ ಬೇರುಗಳಿದ್ದ ಕರಿಮಣ್ಣು. ಅವನು ಆ ಮಣ್ಣನ್ನು ಬೆರಳಿನಿಂದ ಸ್ವಲ್ಪ ಹೊತ್ತು ಕೆದಕಿದ, ಹನ್ನೊಂದು ಹೆಸರಿನಲ್ಲಿ ಒಂದಾದರೂ ಎಲ್ಲಾದರೂ ಅಂಟಿಕೊಂಡಿರಬಹುದೆಂಬಂತೆ.

"ಮೇಲಿನಿಂದ ನೀರು ಬಿದ್ದೇ ಇಲ್ಲ ಅಂಕಲ್," ಎಂದಳು ಟ್ವೈಲಾ. "ಕೊಟ್ಟಿಗೆ ಚಾವಣಿ ತೊಂಬತ್ತರಲ್ಲೇ ಹೊಸದು ಹಾಕ್ಸಿದ್ವಿ. ಆಗಲೂ ಅಪ್ಪ ಇದನ್ನ ತೆಗಿಯೋಕೆ ಬಿಡಲಿಲ್ಲ. ಕೋಸಿಗೆ ಮಾತು ಕೊಟ್ಟಿದ್ದೀನಿ ಅಂದ."

ವೆಂಡೆಲ್‌ಗೆ ಆಗಲೇ ತಿಳಿದಿತ್ತು. ನೀರು ಮೇಲಿನಿಂದ ಬಂದದ್ದಲ್ಲ. ಬರಿಮಣ್ಣಿನ ನೆಲ ಪ್ರತಿ ವಸಂತದಲ್ಲೂ ಉಸಿರು ಬಿಡುತ್ತದೆ. ಗಾಳಿಯಾಡಿದ್ದರೆ ಆ ತೇವ ಹೋಗುತ್ತಿತ್ತು. ಮೇಣ ಹಚ್ಚಿದ ಟಾರ್ಪಾಲನ್ನು ನೆಲದವರೆಗೆ ಇಳಿಸಿ ಗೂಟ ಹೊಡೆದದ್ದರಿಂದ ಅದು ಹೋಗಲಿಲ್ಲ, ಮೂವತ್ತೆಂಟು ವರ್ಷ ಕಾರು ಅದರೊಳಗೇ ಬೆಂದಿತು. ಹೊದಿಸದೇ ಹಾಗೇ ಬಿಟ್ಟಿದ್ದರೆ ಕಾರಿನ ಚಾವಣಿಯಲ್ಲಿ ನಾಲ್ಕು ತೂತಾಗುತ್ತಿದ್ದವು. ಕಾರು ಉಳಿಯುತ್ತಿತ್ತು. ದಿನವೂ ಕಾರು ಕಟ್ಟುತ್ತಿದ್ದವನಿಗೆ ಇದು ಅಂದೇ ಹೊಳೆಯಬೇಕಿತ್ತು. ಹೊದಿಸಿದ್ದು ಅವನ ಕೈ. ಬಿಚ್ಚಬೇಡ ಎಂದದ್ದು ಅವನ ಬಾಯಿ.

ಅವನು ಅಂಗಳಕ್ಕೆ ಬಂದು ಮರ್ವ್‌ಗೆ ಫೋನು ಮಾಡಿದ. ಗುಂಡಿಗಳನ್ನು ಲೊರೆಟಾ ಒತ್ತಿಕೊಟ್ಟಳು.

"ಅಯ್ಯೋ, ನಿನ್ನೆ ಸಂಜೆನೇ ಹೋಯ್ತಲ್ಲ ಮಾರಾಯ," ಎಂದ ಮರ್ವ್. "ಇಂಡಿಯಾನಾದವನು ಟ್ರೇಲರ್ ಸಮೇತ ಬಂದಿದ್ದ. ಯಾಕೆ, ನಿನ್ನದು ಚೆನ್ನಾಗಿಲ್ವಾ?"

"ಚೆನ್ನಾಗಿದೆ," ಎಂದ ವೆಂಡೆಲ್. "ಸುಮ್ನೆ ಕೇಳಿದೆ."

ಫೋನು ಕಿವಿಯಿಂದ ಇಳಿಸಿ ಅಲ್ಲೇ ನಿಂತ. ಎರಡು ವರ್ಷ ಹುಡುಕಿ ಸಿಕ್ಕದ್ದು ಒಂದು. ಇನ್ನುಳಿದದ್ದು ಏಳು ದಿನ.

"ಹೋಬ್‌ಗೆ ಏನಂತೀಯ?" ಎಂದಳು ಲೊರೆಟಾ. ಅವಳು ಅವನ ಕೈ ಹಿಡಿದಿರಲಿಲ್ಲ, ಆದರೆ ಹತ್ತಿರ ನಿಂತಿದ್ದಳು. "ಇದು ಬೇಡ ಅಂದುಬಿಡು. ಯಾರೂ ತಪ್ಪು ತಿಳ್ಕೊಳಲ್ಲ."

"ಬೇಡ ಅಂದ್ರೆ ಯಾಕೆ ಅಂತಾನೆ."

ಜಗಲಿಯಲ್ಲಿ ಹೊಬಾರ್ಟ್ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುತ್ತಿದ್ದ. ತೊಡೆಯ ಮೇಲೆ ಕಾರಿನ ಹಕ್ಕುಪತ್ರ, ಅದರ ಮೇಲೆ ಪೆನ್ನು.

"ಹೆಂಗಿದೆಯೋ ನಮ್ಮ ಮೇಕೆ?"

ಲೊರೆಟಾ ಗಂಡನನ್ನು ನೋಡಿದಳು. ಟ್ವೈಲಾ ಕಾಲಿನ ಹೆಬ್ಬೆರಳು ನೋಡಿಕೊಂಡಳು. ವೆಂಡೆಲ್ ಬೆರಳುಗಳ ತುಕ್ಕನ್ನು ಪ್ಯಾಂಟಿಗೆ ಒರೆಸಿಕೊಂಡ.

"ಹಾಗೇ ಇದೆ ಕಣೋ."

"ನೋಡಿದೆಯಾ! ಇವಳು ಏನೇನೋ ಅಂತಿದ್ಳು. ಅಪ್ಪಾ, ಒಂದ್ಸಲ ಬಿಚ್ಚಿ ನೋಡು, ಬಿಚ್ಚಿ ನೋಡು ಅಂತ. ನಾನಂದೆ, ಕೋಸು ಕಟ್ಟಿದ್ದು ಅದು, ಅವನಿಗಿಂತ ಚೆನ್ನಾಗಿ ನಿನಗೆ ಗೊತ್ತಾ?" ಅವನು ಉಸಿರಿಗೆ ನಿಲ್ಲಿಸಿದ. "ಹತ್ತೊಂಬತ್ತು ನೂರು. ಅದಕ್ಕಿಂತ ಒಂದು ಡಾಲರ್ ಜಾಸ್ತಿ ಕೊಟ್ಟರೆ ಮುಖಕ್ಕೆ ಎಸೀತೀನಿ. ಊರಲ್ಲಿ ಅದಕ್ಕೀಗ ಎಷ್ಟಿದೆ ಅಂತ ನನಗೂ ಗೊತ್ತು. ಸ್ಲೋನ್ ಮಾತು ಅಂದ್ರೆ ಮಾತು."

"ಗೊತ್ತು ಕಣೋ."

ಹೊಬಾರ್ಟ್ ಸಹಿ ಹಾಕಲು ಐದು ನಿಮಿಷ ತಗೊಂಡ. ವೆಂಡೆಲ್ ಹಣ ಕೊಟ್ಟ. ಇಬ್ಬರೂ ಕೈ ಕುಲುಕಿದರು. ಹೊಬಾರ್ಟ್ ಕೈ ಬಿಡಲಿಲ್ಲ.

"ಬರೋ ಶನಿವಾರ ವುಡ್‌ವರ್ಡ್‌ಗೆ ಇಳಿಸ್ತೀಯಲ್ವಾ? ವೃದ್ಧಾಶ್ರಮದಿಂದ ಟ್ವೈಲಾ ನನ್ನ ಕರ್ಕೊಂಡು ಬರ್ತಾಳಂತೆ. ಬದೀಲಿ ಗಾಡಿ ನಿಲ್ಲಿಸ್ಕೊಂಡು ಕೂತಿರ್ತೀನಿ. ಕೈ ಬೀಸು."

ವೆಂಡೆಲ್ ಅವನ ಕಿವಿಯನ್ನು ನೋಡುತ್ತ ನಿಂತ. "ಜನ ಬಹಳ ಇರ್ತಾರೆ ಹೋಬ್. ಕಾಣಿಸ್ದೇನೂ ಹೋಗಬಹುದು."

"ಹಸಿರು ಮೇಕೆ ನನಗೆ ಕಾಣಿಸಲ್ವೇನೋ? ಕಣ್ಣು ಚೆನ್ನಾಗಿದೆ ನಂದು. ಹೋಗಿದ್ದು ಶ್ವಾಸಕೋಶ."

ಹೊಬಾರ್ಟ್ ವೃದ್ಧಾಶ್ರಮಕ್ಕೆ ಹೋದ ಮರುದಿನ, ಮಂಗಳವಾರ, ತಂಗಿಯ ಮಗ ಎಳೆಯುವ ಲಾರಿ ತಂದ. ಕೊಕ್ಕೆ ಹಾಕಿ ಎಳೆದಾಗ ಮುಂಭಾಗ ಬಂತು, ಹಿಂಭಾಗ ಬರಲಿಲ್ಲ. ಮೂರು ಸಲಕ್ಕೆ ಮೂರು ತುಂಡಾಗಿ ಸಾಗಿಸಿದರು. ಗುಜರಿಯವನು ತೂಕಕ್ಕೆ ಹಾಕಿಕೊಂಡ. ವೆಂಡೆಲ್ ಲಾರಿಯಿಂದ ಇಳಿಯಲಿಲ್ಲ.

ಶನಿವಾರ ಅವನು ಕುರ್ಚಿಯನ್ನೂ ಒಯ್ಯಲಿಲ್ಲ. ಮನೆಯಲ್ಲೇ ಇದ್ದ, ಕಿಟಕಿಗಳನ್ನು ಮುಚ್ಚಿದ್ದ. ಮುಚ್ಚಿದರೂ ದೂರದ ದೊಡ್ಡ ರಸ್ತೆಯ ಕಡೆಯಿಂದ ಎಂಜಿನ್ನುಗಳ ಗುಡುಗು ಬರುತ್ತಿತ್ತು. ನಾಲ್ಕು ಗಂಟೆಗೆ ಟ್ವೈಲಾಳ ಫೋನು ಬಂತು. ಹಿಂದಿನಿಂದ ಗದ್ದಲ ಕೇಳುತ್ತಿತ್ತು.

"ಅಂಕಲ್, ಅಪ್ಪ ಮಾತಾಡಬೇಕಂತೆ," ಎಂದವಳು ದನಿ ತಗ್ಗಿಸಿ, "ದಯವಿಟ್ಟು" ಎಂದು ಸೇರಿಸಿದಳು.

"ಕೋಸು! ನೋಡಿದೆ ಕಣೋ!" ಹೊಬಾರ್ಟ್ ಕೂಗುತ್ತಿದ್ದ. ಉಸಿರು ಮಾತಿಗಿಂತ ಜೋರಾಗಿತ್ತು. "ಎರಡು ಗಂಟೆ ಸುಮಾರಿಗೆ. ನಾನು ಕೈ ಬೀಸಿದೆ, ನೀನೂ ಬೀಸಿದೆ. ಲೊರೆಟಾ ತಲೆಗೆ ಏನೋ ಕಟ್ಟಿದ್ಳು. ನೀನೇ ಅಲ್ವಾ?"

ಆ ಬಣ್ಣದ ಮೇಕೆಗಳು ಆ ರಸ್ತೆಯಲ್ಲಿ ಅವತ್ತು ಇಪ್ಪತ್ತಾದರೂ ಹೋಗಿರುತ್ತವೆ. ಲೊರೆಟಾ ಅಡುಗೆಮನೆಯ ಮೇಜಿನ ಬಳಿ ಕೂತು ಕೇಳುತ್ತಿದ್ದಳು.

"ಹೂಂ," ಎಂದ ವೆಂಡೆಲ್. "ನಾನೇ."

"ಗೇರು ಇನ್ನೂ ಬೇಗ ಹಾಕ್ತೀಯ ನೀನು," ಎಂದು ಹೊಬಾರ್ಟ್ ನಕ್ಕ. ಕೆಮ್ಮು ಶುರುವಾಯಿತು. ಟ್ವೈಲಾ ಫೋನು ತಗೊಂಡು ಇಟ್ಟಳು.

ಸೆಪ್ಟೆಂಬರ್ ಹನ್ನೊಂದಕ್ಕೆ ವೆಂಡೆಲ್ ಲೈಸೆನ್ಸ್ ಕಚೇರಿಗೆ ಹೋಗಲಿಲ್ಲ. ಬೀಗದ ಕೈಗಳನ್ನು ಲೊರೆಟಾಳ ಕಾಫಿ ಬಟ್ಟಲಿನ ಪಕ್ಕ ಇಟ್ಟ. ಅವಳು ತೆಗೆದು ತನ್ನ ಚೀಲಕ್ಕೆ ಹಾಕಿಕೊಂಡಳು.

ಹೊಬಾರ್ಟ್ ಸ್ಲೋನ್ ಮಾತು ಉಳಿಸಿಕೊಂಡ. ಮಾರುವ ದಿನ ಬಂದಾಗ ಕಾರನ್ನು ಮೊದಲು ವೆಂಡೆಲ್ ಪ್ರೋಕಪ್‌ಗೇ ಕೊಟ್ಟ, ಹತ್ತೊಂಬತ್ತು ನೂರು ಡಾಲರಿಗೇ ಕೊಟ್ಟ.